ಹುಲಿಯ ಪಕ್ಕ ನೀರು ಕುಡಿದ ಜಿಂಕೆ

ಹತ್ತಿರ ಬಂದು ಕೂತ್ಕೊಳ್ಳಿ ಮಕ್ಕಳೇ. ಇದು ನಗಿಸುವ ಕಥೆಯಲ್ಲ, ಮೊದಲೇ ಹೇಳಿಬಿಡುತ್ತೇನೆ.

ಉತ್ತರದ ಹಿಮಬೆಟ್ಟಗಳ ತಪ್ಪಲಲ್ಲಿ ಒಂದು ರಾಜ್ಯ. ಅಲ್ಲಿ ಭಾನುಪಾಲ ಎಂಬ ರಾಜ. ಕೆಟ್ಟವನಲ್ಲ, ಆದರೆ ಯಾರಾದರೂ ಹೊಗಳಿದರೆ ಉಬ್ಬಿಹೋಗುತ್ತಿದ್ದ. ರಾಣಿ ಜೈತಲದೇವಿ ಮರಳುಗಾಡಿನ ಸೀಮೆಯಿಂದ ಬಂದವಳು. ಮಂತ್ರಿ ಗಜಧರ ಇದ್ದನಲ್ಲ, ಅವನು ಬಾಯಲ್ಲಿ ಬಸಪ್ಪ, ಹೊಟ್ಟೆಯಲ್ಲಿ ವಿಷಪ್ಪ.

ಆ ಬೇಸಿಗೆಯಲ್ಲಿ ಊರೂರಲ್ಲೂ ಜನ ಗೊಣಗುತ್ತಿದ್ದರು. ರಾಜನಿಗೆ ಊಟ ಸೇರಲಿಲ್ಲ.

"ನನ್ನ ಆಳ್ವಿಕೆ ಸರಿಯಿಲ್ಲವೇನಯ್ಯಾ?" ಎಂದು ಮಂತ್ರಿಯನ್ನು ಕೇಳಿದ.

"ಯಾರು ಹೇಳಿದ್ದು ಪ್ರಭು? ಧರ್ಮ ಇರೋ ಕಡೆ ಹುಲಿ ಜಿಂಕೆ ಒಟ್ಟಿಗೆ ನೀರು ಕುಡಿಯುತ್ತವಂತೆ. ಒಂದು ದಿನ ಕಾಡಿಗೆ ಬನ್ನಿ, ಕಣ್ಣಾರೆ ನೋಡಿ."

ಸರಿ, ಮಂತ್ರಿ ಹೇಳಿದಂತೆ ಹದಿನೈದು ದಿನ ಬಿಟ್ಟು, ಬೆಳಗಾಗುತ್ತಲೇ ರಾಜ, ರಾಣಿ, ಮಂತ್ರಿ ಮೂವರೂ ಕಾಡಿನ ಹೊಂಡದ ಪಕ್ಕ ಅಟ್ಟಣೆ ಹತ್ತಿ ಕೂತರು.

ಮೊದಲು ನವಿಲುಗಳು ಬಂದವು. ಬೆನ್ನಿಗೇ ನರಿ ಬಂತು. ನವಿಲು ಹಾರಲಿಲ್ಲ. "ನಿಮ್ಮ ಪುಣ್ಯ ಪ್ರಭು!" ಎಂದ ಮಂತ್ರಿ. ರಾಜ ಮೀಸೆ ತಿರುವಿದ.

ಆಮೇಲೆ ಆನೆಗಳು ಬಂದವು. ಅವುಗಳ ಕಾಲಸಂದಿಯಲ್ಲೇ ಕಾಡುಹಂದಿಗಳು ನುಗ್ಗಿದವು. "ನಿಮ್ಮ ಪುಣ್ಯ ಪ್ರಭು!" ರಾಜನ ಎದೆ ಉಬ್ಬಿತು.

ಮಧ್ಯಾಹ್ನ ಹುಲಿ ಬಂತು. ಹಿಂದೆಯೇ ಒಂದು ಜಿಂಕೆ, ತನ್ನ ಮರಿಯನ್ನು ಮೂತಿಯಿಂದ ದೂಡಿಕೊಂಡು ಬಂತು. ಬಂದದ್ದೇ ಹುಲಿಯ ಪಕ್ಕದಲ್ಲಿ ನೀರಿಗೆ ಬಾಯಿ ಹಾಕಿತು. "ನಿಮ್ಮ ಪುಣ್ಯ!" ರಾಜನ ಕಣ್ಣಲ್ಲಿ ಆನಂದದ ನೀರು.

ರಾಣಿ ಮಾತ್ರ ಆ ಮರಿಯನ್ನೇ ನೋಡುತ್ತಿದ್ದಳು. ಚರ್ಮ ಎಲುಬಿಗೆ ಅಂಟಿತ್ತು. ನೀರಿಗೆ ಇನ್ನೂ ನಾಲ್ಕು ಹೆಜ್ಜೆ ಇರುವಾಗಲೇ ಅದು ಕುಸಿದು ಕೂತಿತು. ತಾಯಿಜಿಂಕೆಯ ಕಣ್ಣು ಹುಲಿಯ ಮೇಲೆ, ಬಾಯಿ ನೀರಲ್ಲಿ, ಕಾಲುಗಳು ಗಡಗಡ ನಡುಗುತ್ತಿದ್ದವು. ತವರಿನ ಬರಗಾಲದಲ್ಲಿ ಇಂಥ ಕಣ್ಣುಗಳನ್ನು ರಾಣಿ ಕಂಡಿದ್ದಳು. ಇದು ಸ್ನೇಹವಲ್ಲ, ಬಾಯಾರಿಕೆ. ಆದರೆ ಉಬ್ಬಿ ಕೂತ ಗಂಡನಿಗೆ ಬರಿಮಾತಿನಲ್ಲಿ ಹೇಳಿದರೆ ಕಿವಿಗೆ ಹೋಗುತ್ತದೆಯೇ?

"ಮಂತ್ರಿಗಳೇ, ನನಗೂ ಬಾಯಾರಿದೆ. ಇಳಿದು ಒಂದು ತಂಬಿಗೆ ನೀರು ತನ್ನಿ," ಎಂದಳು.

"ಅಲ್ಲಿ ಹುಲಿ ಇದೆಯಲ್ಲ ತಾಯೀ!"

"ಇದ್ದರೇನು? ಜಿಂಕೆಯನ್ನು ಕಾಯೋ ಪ್ರಭುಗಳ ಪುಣ್ಯ ನಿಮ್ಮನ್ನು ಕಾಯಲ್ವೇ?"

"ಹೌದಲ್ಲಯ್ಯಾ, ಇಳಿ," ಎಂದ ರಾಜ.

ಮಂತ್ರಿ ಏಣಿಗೆ ಕಾಲಿಟ್ಟ. ಹುಲಿ ತಲೆಯೆತ್ತಿ ಗುರ್ ಎಂದಿತು. ಮಂತ್ರಿ ಅಲ್ಲಿಂದಲೇ ಹಿಂದಕ್ಕೆ ಹಾರಿ ರಾಜನ ಕಾಲು ಹಿಡಿದ.

"ತಪ್ಪಾಯ್ತು ಪ್ರಭು! ಮಿಕ್ಕ ಹೊಂಡಗಳಿಗೆಲ್ಲ ನಾನೇ ಮುಳ್ಳು ತುಂಬಿಸಿದೆ. ಈಗ ಇಡೀ ಕಾಡಿಗೆ ಇದೊಂದೇ ನೀರು. ನಿಮ್ಮನ್ನು ಮೆಚ್ಚಿಸೋಣ ಅಂತ..."

ರಾಜನ ಮುಖ ಕಪ್ಪಿಟ್ಟಿತು. ಮಂತ್ರಿಯ ಪದವಿ ಅಲ್ಲೇ ಹೋಯಿತು. ಅಷ್ಟೂ ಮುಳ್ಳನ್ನು ಅವನ ಕೈಯಿಂದಲೇ ಕೀಳಿಸಲು ಅಪ್ಪಣೆಯಾಯಿತು.

ಹುಲಿ ಹೋದ ಮೇಲೆ ರಾಜ ಓಡಿಹೋಗಿ ಬೊಗಸೆಯಲ್ಲಿ ನೀರು ಹಿಡಿದು ಮರಿಯ ಬಾಯಿಗೆ ಬಿಟ್ಟ. ನೀರು ಒಳಗೆ ಇಳಿಯಲಿಲ್ಲ, ಕಟವಾಯಿಯಿಂದ ಹರಿದುಹೋಯಿತು. ದೂರದಲ್ಲಿ ತಾಯಿ ನಿಂತೇ ಇತ್ತು.

"ನಾನು ಇದನ್ನು ನೋಡಿ ಖುಷಿಪಟ್ಟೆನಲ್ಲೇ," ಎಂದು ರಾಜ ಅತ್ತ. "ಊರಲ್ಲಿ ಜನ ಬೇರೆ ಗೊಣಗುತ್ತಿದ್ದಾರೆ."

"ಗೊಣಗೋ ಶಕ್ತಿ ಅವರಿಗೆ ಇನ್ನೂ ಇದೆ," ಎಂದಳು ರಾಣಿ. "ಅದೂ ಹೋಗೋ ಮುಂಚೆ ಅವರ ಕಷ್ಟ ಕೇಳೋಣ, ನಡೀರಿ."

ತಿಳಿಯಿತೇ ಮಕ್ಕಳೇ? ಕಂಗೆಟ್ಟವರು ಸುಮ್ಮನಿದ್ದಾರೆಂದು ಸುಖವಾಗಿದ್ದಾರೆ ಅಂದುಕೊಳ್ಳಬಾರದು. ಹಾಗೆ ಅಂದುಕೊಳ್ಳುವವನಿಗಿಂತ ದೊಡ್ಡ ಕುರುಡನಿಲ್ಲ.