ಸಾರಸದ ಬಾಣಂತನ

ತೂಬು ಎತ್ತಬ್ಯಾಡ ಕಣಯ್ಯ, ಕೆರೇಲಿ ಬಸುರಿ ಕೂತವಳೆ. ಇಷ್ಟು ಅಂದು ಕಣ್ಣು ಮುಚ್ಚಿದಳಂತೆ ಹೊಂಬಾಳಮ್ಮ.

ಒಂದಾನೊಂದು ಕಾಲದ ಮಾತು, ಮಗ. ಅವಳು ಊರ ಸೂಲಗಿತ್ತಿ. ಗಂಡ ಸಣ್ಣೀರಯ್ಯ ನೀರುಗಂಟಿ, ಕೆರೆ ತೂಬು ಎತ್ತೋದು ಇಳಿಸೋದು ಅವನ ಕೆಲಸ. ಬಸುರಿ ಅಂದ್ರೆ ಹೆಂಗಸಲ್ಲ, ಸಾರಸ ಹಕ್ಕಿ. ಆಳೆತ್ತರ, ಕೆಂಪು ಕತ್ತು. ಸುತ್ತಲ ಕೆರೆಗಳನ್ನೆಲ್ಲ ಬತ್ತಿಸಿ ಉತ್ತುಬಿಟ್ಟಿದ್ರಂತೆ, ಉಳಿದಿದ್ದು ಇದೊಂದೇ ಜೋಡಿ. ಆಪು ಹುಲ್ಲಿನ ನಡುವೆ, ಮೊಣಕಾಲುದ್ದ ನೀರಲ್ಲಿ ಗೂಡು, ಎರಡು ಮೊಟ್ಟೆ. ನೀರು ಇಳಿದ್ರೆ ನರಿ ನಡ್ಕೊಂಡು ಬರ್ತದೆ, ಏರಿದ್ರೆ ಮೊಟ್ಟೆ ಮುಳುಗ್ತದೆ.

ಅವಳು ಹೋದ ಮೇಲೆ ಮೊದಲು ಚಾಪೆ ಹೆಣೆಯೋ ಮರಿಗುಡ್ಡ ಆಪು ಕೊಯ್ಯಕ್ಕೆ ಕುಡುಗೋಲು ಹಿಡ್ಕೊಂಡು ಬಂದನಂತೆ. ನೀನು ಹುಟ್ಟುವಾಗ ನಿಮ್ಮವ್ವನಿಗೆ ಸೀರೆ ಮರೆ ಕಟ್ಟಿದ್ಲು ನನ್ನೆಂಡ್ತಿ, ಈ ಬಸುರಿ ಮರೆ ನೀನು ಕೀಳ್ತೀಯ, ಅಂದ ಸಣ್ಣೀರಯ್ಯ. ಅವನು ತಲೆ ಕೆರ್ಕೊಂಡು ವಾಪಸು ಹೋದ.

ಆಮೇಲೆ ಪಟೇಲ ಚನ್ನಿಗಪ್ಪ. ಹಕ್ಕಿಗೆ ಬಾಣಂತನ ಮಾಡ್ತೀಯೇನಯ್ಯ, ಪೈರು ಬಾಡ್ತಾ ಅದೆ, ಎತ್ತು ತೂಬು, ಅಂತ ಗದರಿದನಂತೆ. ನೀವು ಹುಟ್ಟುವಾಗ ಕಾಲು ಮುಂದಾಗಿ ಬಂದ್ರಿ, ಮೂರು ಹಗಲು ಕಾದ್ಲು ಬುದ್ಧಿ ಅವಳು, ನೀವೂ ಮೂರು ಹಗಲು ಕಾಯಿರಿ, ಅಂದ ಸಣ್ಣೀರಯ್ಯ. ಪಟೇಲನಿಗೆ ನಗು ತಡೀಲಿಲ್ಲ. ಮೂರೇ ಕಣಯ್ಯ, ನಾಲ್ಕಾದ್ರೆ ತೂಬಿಗೆ ಬೇರೆ ಆಳು ಇಡ್ತೀನಿ, ಅಂದನಂತೆ.

ಮೂರನೇದಾಗಿ ಬಂದಿದ್ದು ನೀರು. ಮೂರನೇ ಹಗಲು ಮೇಲಿನ ಗುಡ್ಡದಲ್ಲಿ ಮಳೆ ಹುಯ್ದು ಕೆರೆ ಉಬ್ಬಿತು. ಹಕ್ಕಿ ಹುಲ್ಲು ಕಿತ್ತು ಕಿತ್ತು ಗೂಡು ಏರಿಸ್ತಾ ಅದೆ, ನೀರು ಹಿಂದೇ ಏರ್ತಾ ಅದೆ. ಸಣ್ಣೀರಯ್ಯ ತೂಬಿನ ಹತ್ರ ಕೈಕಟ್ಟಿ ಕೂತೇ ಇದ್ದನಂತೆ. ಎತ್ತಬ್ಯಾಡ ಅಂದವಳೆ. ಕೊನೇ ಮಾತು. ಹ್ಯಾಗೆ ಮೀರೋದು?

ಆಗ ನೆನಪಾಯಿತಂತೆ. ಹೆರಿಗೆ ಕಷ್ಟ ಆದ್ರೆ ಅವಳು ಕೂಗೋಳು: ಬೀಗ ತೆಗೀರಿ, ಗಂಟು ಬಿಚ್ಚಿ, ಮನೇಲಿ ಒಂದೂ ಮುಚ್ಚಿರಬಾರದು! ಅವಳಿಗೆ ಬೇಕಿದ್ದದ್ದು ಬಸುರಿ ಉಳಿಯೋದು ಕಣೋ ಮುದುಕ, ಅಂತ ತನಗೆ ತಾನೇ ಬೈಕೊಂಡು ಗೇಣುದ್ದ ತೂಬು ಎತ್ತಿದನಂತೆ. ನೀರು ಭೋರ್ ಅಂತ ಬಾಡಿದ ಗದ್ದೆಗೆ ನುಗ್ಗಿತು. ಗೂಡಿನ ಸುತ್ತ ಮೊಣಕಾಲುದ್ದಕ್ಕೆ ಬಂದ ಕೂಡ್ಲೆ ಇಳಿಸಿದ. ಸಂಜೆಗೆ ಎರಡು ಮೊಟ್ಟೇನೂ ಒಡೆದವು. ಗಂಡು ಹಕ್ಕಿ ಹೆಣ್ಣು ಹಕ್ಕಿ ಎರಡೂ ಕತ್ತೆತ್ತಿ ಕೂಗಿದ್ದು ಏಳೂರಿಗೆ ಕೇಳಿತಂತೆ.

ಹೆರಿಗೆ ಆದ ಮಾರನೇ ಬೆಳಗ್ಗೆ ಹೊಂಬಾಳಮ್ಮ ಮನೆಮನೆಗೂ ಬೆಲ್ಲ ಹಂಚೋಳು. ಬೆಳಗಾಗೆದ್ದು ಸಣ್ಣೀರಯ್ಯ ಅವಳ ಬೆಲ್ಲದ ಕುಡಿಕೆ ಎತ್ಕೊಂಡು, ಮೊದಲು ಪಟೇಲನ ಬಾಗಿಲಿಗೇ ಹೋದನಂತೆ. ಬಾಯಿ ತೆಗೀರಿ ಬುದ್ಧಿ, ಎರಡು ಮರಿ, ತಾಯಿ ಚೆನ್ನಾಗವಳೆ, ಅಂದನಂತೆ.

ಬೆಲ್ಲ ಕರಗಿತು, ಕತೆ ಮುಗೀತು, ಮಲಕ್ಕೋ ಮಗ.