ತೆಳುಚಹಾ ಬುಗ್ಗೆ

ನಂಬುವುದಿಲ್ಲವೇ? ಬೇಡ ಬಿಡಿ, ಬಂದು ಒಂದು ಬಟ್ಟಲು ಕುಡಿದು ಆಮೇಲೆ ಮಾತಾಡಿ. ತೈವಾನಿನ ನಡುಬೆಟ್ಟಗಳಲ್ಲಿ ನಮ್ಮ ಸಿಯೋಂಗ್‌ಖೆ ಊರಿನ ನೀರಿನಲ್ಲಿ ಮಾಡಿದ ಚಹಾಕ್ಕೆ ಸಾಟಿಯಿಲ್ಲ. ಆ ನೀರು ಉಕ್ಕುವ ಬುಗ್ಗೆಯ ಹೆಸರು ಮಾತ್ರ ತೆಳುಚಹಾ ಬುಗ್ಗೆ! ಪೇಟೆಯವರು ಕೇಳಿ ನಗುತ್ತಾರೆ. ಹೆಸರು ಬಂದ ದಿನ ನಕ್ಕಿದ್ದರೆ ತಲೆ ಉಳಿಯುತ್ತಿರಲಿಲ್ಲ.

ಹಿಂದೆ ಒಮ್ಮೆ ಈ ನೀರಿಗಾಗಿ ಮೇಲಿನ ಕೇರಿಯೂ ಕೆಳಗಿನ ಕೇರಿಯೂ ಕತ್ತಿ ಹಿರಿದು ನಿಂತಿದ್ದವು ಎನ್ನುತ್ತಾರೆ. ಕೆಳಕೇರಿಯ ಬೂನ್‌ಖಿಮ್ ಮಹಾ ಜಂಬದವನು. ಚಹಾ ಗಿಡ ತನ್ನನ್ನು ಕೇಳಿಯೇ ಚಿಗುರುತ್ತದೆ ಎನ್ನುತ್ತಿದ್ದ. ಕಾಲುವೆ ತಿರುಗಿಸಲು ಹೋದ ಅವನ ತಮ್ಮ ಸುಯಿಬಿಂಗ್ ಮೇಲಿನವರ ಕೈಗೆ ಸಿಕ್ಕಿಬಿದ್ದ. ಬುಗ್ಗೆ ಬಿಟ್ಟುಕೊಟ್ಟರೆ ತಮ್ಮ, ಇಲ್ಲವಾದರೆ ಹೆಣ ಎಂದು ಮೇಲಿನ ಯಜಮಾನ ಥಿಯಾನ್‌ಸೂ ಹೇಳಿಕಳಿಸಿದ. ಬೂನ್‌ಖಿಮ್ ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಂಡು ಹತ್ತಿ ಬಂದ. ಬುಗ್ಗೆಯ ಪಕ್ಕದ ಬಂಡೆಯ ಮೇಲೆ ಥಿಯಾನ್‌ಸೂವಿನ ತಾಯಿ ಗೀಮ್ ಅಜ್ಜಿ ಮಣ್ಣಿನ ಗಿಂಡಿಯಲ್ಲಿ ಚಹಾ ಹಾಕಿ, ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೂತಿದ್ದಳು. ಒಂದೇ ಗಿಂಡಿಯ ಚಹಾ ಕುಡಿಯದೆ ಮಾತಿಗೆ ಕೂರುವ ಪದ್ಧತಿ ಅಲ್ಲಿಲ್ಲ. ಆಚೆ ಮೇಲಿನ ಕೇರಿಯವನೊಬ್ಬ ಸುಯಿಬಿಂಗ್‌ನ ಕುತ್ತಿಗೆಯ ಮೇಲೆ ಕುಡುಗೋಲು ಇಟ್ಟು ನಿಂತಿದ್ದ.

ಮೊದಲು ಬೀಳುವ ಚಹಾ ತೆಳು, ತಳದ್ದು ಗಟ್ಟಿ. ಅದಕ್ಕೇ ನಮ್ಮವರು ಗಿಂಡಿಯನ್ನು ಬಟ್ಟಲುಗಳ ಮೇಲೆ ಸುತ್ತುತ್ತಾ ಎಲ್ಲಕ್ಕೂ ಸ್ವಲ್ಪಸ್ವಲ್ಪ ಸುರಿಯುವುದು. ಅಜ್ಜಿ ಗಿಂಡಿ ಎತ್ತಿದ್ದೇ ತಡ, ಬೂನ್‌ಖಿಮ್ ಕಿತ್ತುಕೊಂಡ. "ನನ್ನದನ್ನು ನಾನೇ ಸುರಿದುಕೊಳ್ತೀನಿ. ನಿಮ್ಮ ಕೈಯಲ್ಲಿ ಏನಿದೆಯೋ ಯಾರಿಗೆ ಗೊತ್ತು!" ತನ್ನ ಬಟ್ಟಲು ಕಂಠಮಟ್ಟ ತುಂಬಿಸಿ, ಉಳಿದದ್ದನ್ನು ಥಿಯಾನ್‌ಸೂವಿನ ಬಟ್ಟಲಿಗೆ ಬಗ್ಗಿಸಿದ. ಅವನದು ಹುಲ್ಲಿನ ಬಣ್ಣ, ಹಗೆಯದು ಜೇನಿನ ಬಣ್ಣ.

"ಕುಡಿ ಮಗನೇ. ಹೇಗಿದೆ?" ಎಂದಳು ಅಜ್ಜಿ.

ಬೂನ್‌ಖಿಮ್‌ನ ಕೈ ಕತ್ತಿಯ ಹಿಡಿಗೆ ಹೋಯಿತು. ಕುಡುಗೋಲು ಒಂದಿಷ್ಟು ಒತ್ತಿತು; ತಮ್ಮನ ಕೊರಳಲ್ಲಿ ಕೆಂಪು ಗೆರೆ ಮೂಡಿತು. ಕುಡಿಯುವ ಮೊದಲೇ ಭೇಷಾಗಿದೆ ಎನ್ನಲು ಬೂನ್‌ಖಿಮ್‌ನ ನಾಲಿಗೆ ತುದಿಗಾಲಲ್ಲಿ ನಿಂತಿತ್ತು. ತಮ್ಮನ ಕೊರಳು ನೋಡಿ ಕತ್ತಿಯ ಹಿಡಿ ಬಿಟ್ಟ. ಕುಡಿದ.

"ತೆಳು, ಅಜ್ಜೀ. ಬರೀ ನೀರು."

ಅವನು ಹುಟ್ಟಿದ ಮೇಲೆ ಜಂಬವಿಲ್ಲದೆ ಆಡಿದ ಮೊದಲ ಮಾತಂತೆ ಅದು. ಅಜ್ಜಿ ಎರಡೂ ಬಟ್ಟಲನ್ನು ಗಿಂಡಿಗೆ ಮರಳಿ ಸುರಿದು, ಸುತ್ತಿಸಿ ಸುತ್ತಿಸಿ, ಕೊನೆಯ ಹನಿಗಳನ್ನೂ ಹಂಚಿ ಬಗ್ಗಿಸಿದಳು. ಮಗನತ್ತ ತಿರುಗಿ, "ಇದರಲ್ಲಿ ನಿನ್ನದು ಯಾವುದೋ?" ಎಂದಳು. ಥಿಯಾನ್‌ಸೂ ಎರಡನ್ನೂ ಹೋಲಿಸಿ ನೋಡಿದ; ಎರಡೂ ಒಂದೇ ಬಣ್ಣ. "ನೀರನ್ನೂ ಹಾಗೇ ಸುರಿ. ಕುಡುಗೋಲು ತೆಗೆ."

ಇಂದಿಗೂ ಬುಗ್ಗೆಯ ಬಾಯಲ್ಲಿ ಗಿಂಡಿಯಾಕಾರದ ಕಲ್ಲಿದೆ. ನೀರು ಅದನ್ನು ಸುತ್ತಿ ಸರಿಸಮವಾಗಿ ಎರಡು ಕಾಲುವೆಗೆ ಇಳಿಯುತ್ತದೆ. ಬೇಕಾದರೆ ಅಳೆದು ನೋಡಿ. ಇಡೀ ಬುಗ್ಗೆ ಗೆಲ್ಲಲು ಹತ್ತಿದ ಬೂನ್‌ಖಿಮ್‌ಗೆ ಕೊನೆಗೆ ದಕ್ಕಿದ್ದು ಅರ್ಧ ನೀರು, ಮತ್ತು ಅವನ ತಮ್ಮ.