ವ್ಯಾನಿನೊಳಗಿನ ವಾಸನೆ

ಮರುಳಯ್ಯ ಎಂಬ ಶಿಷ್ಯ ಗುರುಗಳನ್ನು ಕೇಳಿದ: "ಮೊದಲೆಲ್ಲ ಯಾರಿಗಾದರೂ ಕಟುವಾದ ಮಾತಾಡಿದರೆ ದಿನವಿಡೀ ಮನಸ್ಸು ಚುಚ್ಚುತ್ತಿತ್ತು. ಈಗ ಚುಚ್ಚುವುದಿಲ್ಲ. ನನಗೆ ಶಾಂತಿ ಸಿಕ್ಕಿತು ಎಂದು ತಿಳಿಯಬಹುದೇ, ಗುರುಗಳೇ?"

ಗುರುಗಳು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಒಂದು ಕತೆ ಹೇಳಿದರು.

ಒಬ್ಬ ಹೆಂಗಸು ಹಳೆಯ ವ್ಯಾನೊಂದರಲ್ಲಿ ಮಕ್ಕಳನ್ನು ಶಾಲೆಗೆ ಕರೆದೊಯ್ಯುತ್ತಿದ್ದಳು. ಮಕ್ಕಳನ್ನು ಜೋಪಾನವಾಗಿ ನೋಡಿಕೊಳ್ಳುತ್ತಾಳೆ ಎಂದು ಊರಿನಲ್ಲಿ ಹೆಸರಿತ್ತು. ಒಂದು ಬೆಳಿಗ್ಗೆ ಬಾಗಿಲು ತೆರೆದಾಗ ಪೆಟ್ರೋಲ್ ವಾಸನೆ ಮೂಗಿಗೆ ಅಡರಿತು. ಟ್ಯಾಂಕಿನ ಮುಚ್ಚಳ ಬಿಗಿ ಮಾಡಿದಳು. ಕಾಲಡಿಯ ಮ್ಯಾಟು ತೊಳೆದು ಒಣಗಿಸಿದಳು. ವಾಸನೆ ಹೋಗಲಿಲ್ಲ. ಗ್ಯಾರೇಜಿನವನು ಇಂಜಿನ್ ನೋಡಿ, ಹಳೆಯ ಗಾಡಿಯೆಂದ ಮೇಲೆ ಇಷ್ಟು ವಾಸನೆ ಇದ್ದದ್ದೇ, ಕಿಟಕಿ ತೆರೆದು ಓಡಿಸಿ ಎಂದ. ಆಕೆ ಹಾಗೆಯೇ ಓಡಿಸಿದಳು.

ದಿನ ಕಳೆದಂತೆ ವಾಸನೆ ಕಡಿಮೆಯಾಯಿತು. ಆಮೇಲೆ ಇಲ್ಲವೇ ಆಯಿತು. ಆಕೆ ಅದನ್ನು ಮರೆತಳು. ಹಿಂದಿನ ಸೀಟಿನ ಮಕ್ಕಳು ಆಗಾಗ ತಲೆನೋವು ಎನ್ನುತ್ತಿದ್ದರು. ತಿಂಡಿ ಸರಿಯಾಗಿ ತಿಂದಿರಲಿಕ್ಕಿಲ್ಲ ಎಂದುಕೊಂಡಳು.

ಒಮ್ಮೆ ಮೊಮ್ಮಗಳನ್ನು ಹತ್ತಿಸಲು ಬಂದ ಮುದುಕಿಯೊಬ್ಬಳು ವ್ಯಾನಿನೊಳಗೆ ತಲೆ ಹಾಕಿದವಳೇ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

"ಇಷ್ಟು ಪೆಟ್ರೋಲ್ ವಾಸನೆಯಲ್ಲಿ ಮಕ್ಕಳನ್ನು ಹೇಗೆ ಕೂರಿಸಿಕೊಂಡು ಹೋಗ್ತೀಯಮ್ಮ?"

"ಅದು ಹೋಗಿ ಬಹಳ ದಿನ ಆಯ್ತಲ್ಲ ಅಜ್ಜಿ."

ಮುದುಕಿ ಮೊಮ್ಮಗಳ ಕೈ ಹಿಡಿದು ಶಾಲೆಯ ಕಡೆ ನಡೆದೇ ಹೊರಟಳು.

ಆಕೆಗೆ ಮೊದಲು ಸಿಟ್ಟು ಬಂತು. ಮೂಗೆಳೆದು ನೋಡಿದಳು, ಏನೂ ಇರಲಿಲ್ಲ. ನಿಂತದ್ದು ವಾಸನೆಯೋ ತನ್ನ ಮೂಗೋ ತಿಳಿಯದೆ ಭಯವಾಯಿತು. ಅಲ್ಲೇ ಮಕ್ಕಳನ್ನೆಲ್ಲ ಇಳಿಸಿ, ಕಾರಣ ಸಿಗುವ ತನಕ ಈ ವ್ಯಾನಿಗೆ ಯಾರನ್ನೂ ಹತ್ತಿಸುವುದಿಲ್ಲ ಎಂದು ಅವರ ಮನೆಗಳಿಗೆ ತಿಳಿಸಿದಳು. ಬೇರೆ ಗಾಡಿ ಹಿಡಿದವರು ಮತ್ತೆ ನಿನ್ನ ಬಳಿ ಬರುವುದಿಲ್ಲ ಎಂದು ಅಣ್ಣ ಎಚ್ಚರಿಸಿದ. ಬಾರದಿದ್ದರೆ ಬೇಡ ಎಂದಳು.

ವ್ಯಾನನ್ನು ಬಯಲಲ್ಲಿ ನಿಲ್ಲಿಸಿ ಇಂಜಿನ್ ಆರಲು ಬಿಟ್ಟಳು. ಬೀಡಿ ಸೇದುತ್ತ ಬಂದವನನ್ನು ದೂರದಿಂದಲೇ ಕಳಿಸಿದಳು. ಒಳಗೆ ಕುಳಿತಷ್ಟೂ ಮೂಗು ಮೊಂಡಾಗುತ್ತದೆ ಎಂದು ಈಗ ಗೊತ್ತಿತ್ತು. ಅದಕ್ಕೇ ಒಂದು ಜಾಗ ಮೂಸಿ ನೋಡುವುದು, ಇಳಿದು ಬಯಲಿನ ಅಂಚಿಗೆ ಹೋಗಿ ಗಾಳಿಗೆ ನಿಲ್ಲುವುದು, ಮತ್ತೆ ಬಂದು ಇನ್ನೊಂದು ಜಾಗ ನೋಡುವುದು. ನೋಡಿದಲ್ಲೆಲ್ಲ ಒಣಬಟ್ಟೆಯಿಂದ ಒರೆಸಿದಳು. ಬಟ್ಟೆ ಒಣಗಿಯೇ ಇತ್ತು. ಮಂಡಿ ನೋಯತೊಡಗಿತು. ಆಕೆ ಬಿಡಲಿಲ್ಲ.

ಹಿಂದಿನ ಸೀಟಿನ ಪಕ್ಕದಲ್ಲಿ ವಾಸನೆ ಗಾಢವಾಯಿತು. ಅಲ್ಲಿನ ತಗಡು ಬಿಚ್ಚಿದಳು. ಪೆಟ್ರೋಲ್ ತುಂಬುವ ಬಾಯಿಯಿಂದ ಟ್ಯಾಂಕಿಗೆ ಇಳಿಯುವ ರಬ್ಬರ್ ಪೈಪು ಕ್ಲಿಪ್ಪಿನ ಅಡಿಯಲ್ಲಿ ಸೀಳಿತ್ತು. ಬಟ್ಟೆ ಒದ್ದೆಯಾಯಿತು. ಮಕ್ಕಳು ಒರಗಿ ಕೂರುತ್ತಿದ್ದದ್ದು ಅದೇ ತಗಡಿಗೆ. ಒಂದು ಕಿಡಿ ತಾಕಿದ್ದರೆ ಏನಾಗುತ್ತಿತ್ತೆಂದು ನೆನೆದು, ಬಟ್ಟೆ ಹಿಡಿದುಕೊಂಡೇ ನೆಲದ ಮೇಲೆ ಕುಳಿತುಬಿಟ್ಟಳು.

ಹೊಸ ಪೈಪು ಹಾಕಿಸಿದಳು. ಟ್ಯಾಂಕು ತುಂಬಿಸಿ, ಬಾಗಿಲು ಮುಚ್ಚಿ, ಹಗಲಿಡೀ ವ್ಯಾನನ್ನು ನಿಲ್ಲಿಸಿದಳು. ವಾಸನೆ ಬರಲಿಲ್ಲ. ಆದರೂ ತನ್ನ ಮೂಗನ್ನು ನಂಬದೆ ಆ ಮುದುಕಿಯ ಮನೆಗೇ ಹೋಗಿ ಕರೆತಂದಳು. ಮುದುಕಿ ಹಿಂದಿನ ಸೀಟಿನಲ್ಲಿ ಕುಳಿತು ಮೂಸಿ ನೋಡಿ ಇಳಿದಳು. ನಾಳೆಯಿಂದ ಮೊಮ್ಮಗಳನ್ನು ಕಳಿಸುತ್ತೇನೆ ಎಂದಳು.

ಕತೆ ಮುಗಿಯಿತು. ಶಿಷ್ಯ ಇನ್ನೂ ಕಾಯುತ್ತಿದ್ದ. ಗುರುಗಳು ಅವನತ್ತ ತಿರುಗಿದರು.

"ಚುಚ್ಚುವುದು ನಿಂತಿತು ಎಂದೆಯಲ್ಲ ಮರುಳಯ್ಯ, ಕಟುಮಾತು ನಿಂತಿತೇ?"